ಮೂರು ಪಿಕಪ್, ಮಧ್ಯದ್ದು ಉಲ್ಟಾ

ಮೊನ್ನೆ ಬುಧವಾರ ಬೆಳಗ್ಗೆ ಏಳೂವರೆಗೆ ನಂಜನಗೂಡಿನ ನಮ್ಮ ಮನೆ ಮುಂದೆ ಮೂರು ಪಿಕಪ್ ಗಾಡಿಗಳು ಬಂದು ನಿಂತವು.

ಸಾಲಾಗಿ ನಿಂತವು. ಮೊದಲನೆಯದರ ಮೂತಿ ನಮ್ಮ ಗೇಟಿನ ಕಡೆಗೆ. ಮೂರನೆಯದರ ಮೂತಿಯೂ ಗೇಟಿನ ಕಡೆಗೆ. ಮಧ್ಯದ್ದು ಮಾತ್ರ ರಿವರ್ಸ್‌ನಲ್ಲಿ ಬಂದು, ಹಿಂಭಾಗವನ್ನು ನನ್ನ ರಂಗೋಲಿಗೆ ತೋರಿಸಿಕೊಂಡು ನಿಂತಿತ್ತು.

ಎದುರುಮನೆಯವರು ಹಲ್ಲುಜ್ಜುವ ಬ್ರಶ್ಶನ್ನು ಬಾಯಲ್ಲಿಟ್ಟುಕೊಂಡೇ, "ಮನೆ ಖಾಲಿ ಮಾಡ್ತಿದ್ದೀರಾ ಮಿಸ್?" ಅಂದರು. ದನಿಯಲ್ಲಿ ಸ್ವಲ್ಪ ಸಂತೋಷವೇ ಇತ್ತು. (ಅವರ ನಾಯಿಯ ವಿಷಯಕ್ಕೆ ನಮ್ಮಿಬ್ಬರಲ್ಲಿ ಮಾತು ಬೆಳೆದಿತ್ತು, ಆ ಕತೆ ಇನ್ನೊಂದು ದಿನ.)

ಮೊದಲ ಗಾಡಿಯಿಂದ ಇಳಿದವನ ಹೆಸರು ಮಾದೇಶ. ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೇಳಿದ. "ಉಲ್ಲಳ್ಳಿ ನಾಗಣ್ಣ ಕಳ್ಸವ್ರೆ ಮಿಸ್ಸಮ್ಮ. ಮೂರು ಪಿಕಪ್ಪು, ಮದ್ಯದ್ದು ಉಲ್ಟಾ. ಸರ್ಯಾಗ್ ನಿಲ್ಸಿದೀವಾ? ಲೋಡ್ ಎಲ್ಲದೆ?"

ಲೋಡು ಒಳಗೆ ಸೋಫಾದ ಮೇಲೆ ಮಲಗಿತ್ತು. ಒಂದೇ ಒಂದು ಎಲೆಕ್ಟ್ರಿಕ್ ಗಿಟಾರ್.

ತಪ್ಪು ನನ್ನದೇ. ಹುಲ್ಲಹಳ್ಳಿಯ ನಾಗರಾಜ ನನ್ನ ಹಳೆಯ ವಿದ್ಯಾರ್ಥಿ. ಈಗ ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿ ಇಟ್ಟಿದ್ದಾನೆ. ಸೌಂಡ್ಸ್ ಅಂದಮೇಲೆ ಗಿಟಾರಿನ ಸಾಮಾನೂ ಗೊತ್ತಿರುತ್ತದೆ ಅಂತ ಹಿಂದಿನ ದಿನ ಫೋನ್ ಮಾಡಿದ್ದೆ. "ನಾಗರಾಜ, ಅರ್ಜೆಂಟಾಗಿ ಮೂರು ಪಿಕಪ್ ಬೇಕಪ್ಪ. ಮಧ್ಯದ್ದು ಉಲ್ಟಾ ಇರಬೇಕು, ಮರೀಬೇಡ."

"ಉಲ್ಟಾನಾ ಮಿಸ್?"

"ಹೂಂ, ಅದೇ ಮುಖ್ಯ."

ಪಾಪ, ಹೈಸ್ಕೂಲಿನಲ್ಲೂ ಅವನು ಹೀಗೇ. ನಾನು ಬೋರ್ಡಿನ ಮೇಲೆ ತಪ್ಪು ಬರೆದರೆ ಅದನ್ನೂ ಅಚ್ಚುಕಟ್ಟಾಗಿ ಬರೆದುಕೊಳ್ಳುತ್ತಿದ್ದ.

ಅವನನ್ನು ಬೈದು ಏನು ಪ್ರಯೋಜನ? ನಮ್ಮ ಕಡೆ ಪಿಕಪ್ ಅಂದರೆ ಬಾಳೆಗೊನೆ ಹೊರುವ ಗಾಡಿ. ಸ್ಕೂಟರ್ ಏರು ಹತ್ತದಿದ್ದರೆ "ಪಿಕಪ್ ಇಲ್ಲ" ಅನ್ನುತ್ತೇವೆ. ವ್ಯಾಪಾರ ಕುದುರಿದರೆ "ಪಿಕಪ್ ಆಯ್ತು" ಅನ್ನುತ್ತೇವೆ. ಗಿಟಾರಿನ ಹೊಟ್ಟೆಯ ಮೇಲೂ ಪಿಕಪ್ ಅಂತ ಒಂದಿರುತ್ತದೆ ಅಂದರೆ ಯಾರು ನಂಬುತ್ತಾರೆ? ಮಾದೇಶ ಗಿಟಾರನ್ನು ಒಮ್ಮೆ ನೋಡಿದ, ಮೂರು ಗಾಡಿಗಳನ್ನು ಒಮ್ಮೆ ನೋಡಿದ. "ಈ ಬಡ್ಡಿಮಗುಂದು ಕಟ್ಗೆಗೆ ಮೂರ್ ಗಾಡಿನಾ ಮಿಸ್ಸಮ್ಮ!" ಅಂದು ನಕ್ಕ. ಮೂವರಿಗೂ ಉಪ್ಪಿಟ್ಟು, ಕಾಫಿ ಕೊಟ್ಟು ಕೈ ಮುಗಿದೆ. ಇಬ್ಬರು ವಾಪಸ್ ಹೋದರು, ಮಾದೇಶ ಉಳಿದ.

ಈಗ ಗಿಟಾರಿನ ಕತೆ ಹೇಳಬೇಕು. ಅದು ನನ್ನ ಭಾವನದು.

ನನ್ನ ಅಕ್ಕನನ್ನು ನಮ್ಮೂರು ಹೆಡತಲೆಯಿಂದ ಟಿ. ನರಸೀಪುರಕ್ಕೆ ಕೊಟ್ಟು ನಲವತ್ತು ವರ್ಷವಾಯಿತು. ಭಾವನದು ಅಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುತ್ತಮುತ್ತಲ ಗದ್ದೆಗಳ ಪಂಪ್‌ಸೆಟ್ ಸುಟ್ಟುಹೋದರೆ ಇವರ ಅಂಗಡಿಗೇ ಬರಬೇಕು. ಹಳೆಯ ತಾಮ್ರದ ತಂತಿಯ ಸುರುಳಿ, ಅಂದರೆ ಕಾಯಿಲ್, ಬಿಚ್ಚಿ, ಹೊಸದನ್ನು ಸುತ್ತಿ, ಮತ್ತೆ ಓಡಿಸಿಕೊಡುವುದು ಅವರ ಕಸುಬು. ಆದರೆ ಊರಿನಲ್ಲಿ ಅವರನ್ನು ಯಾರೂ ಮೋಟಾರ್ ಮಲ್ಲಣ್ಣ ಅನ್ನುವುದಿಲ್ಲ. ಗಿಟಾರ್ ಮಲ್ಲಣ್ಣ ಅನ್ನುತ್ತಾರೆ. ಒಂದು ಕಾಲದಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದರು. "ಹಗಲು ದಪ್ಪ ಕಾಯಿಲ್ಲು, ಸಂಜೆ ಸಣ್ಣ ಕಾಯಿಲ್ಲು, ನನ್ ಜೀವ್ನ ಕಾಯಿಲ್ ಸುತ್ತಾನೇ ಸುತ್ತದೆ" ಅನ್ನುವುದು ಅವರ ಹಳೆಯ ಜೋಕು. (ನಲವತ್ತು ವರ್ಷದಿಂದ ಕೇಳಿ ಅಕ್ಕ ಈಗಲೂ ನಗುತ್ತಾಳೆ. ನಾನು ನಗುವುದು ಬಿಟ್ಟಿದ್ದೇನೆ.)

ಕೀಬೋರ್ಡ್ ಒಂದೇ ಸಾಕು ಅನ್ನುವ ಕಾಲ ಬಂದು ಆರ್ಕೆಸ್ಟ್ರಾ ಚದುರಿತು. ಭಾವ ಮಾತ್ರ ಬಿಡಲಿಲ್ಲ. ದಿನಾ ಸಂಜೆ ಅಂಗಡಿ ಮುಚ್ಚಿ, ಕೈಕಾಲು ತೊಳೆದು, ಜಗಲಿಯ ಮೇಲೆ ಕುರ್ಚಿ ಹಾಕಿಕೊಂಡು ನುಡಿಸುತ್ತಿದ್ದರು. ಅಕ್ಕ ಪಕ್ಕದಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಅವಳಿಗೆ ಇಷ್ಟವಾದ ಒಂದು ಹಳೆಯ ಹಾಡಿದೆ. ಕೊನೆಗೆ ಅದನ್ನು ನುಡಿಸದೆ ಅವರು ಏಳುವಂತಿರಲಿಲ್ಲ.

ಆರು ತಿಂಗಳ ಹಿಂದೆ ಅದು ನಿಂತುಹೋಯಿತು. "ಪಿಕಪ್ ಹೋಗದೆ. ಸಣ್ಣ ತಂತಿಗೆ ಜೀವಾನೇ ಇಲ್ಲ. ಗುಂಯ್ ಅನ್ನೋದು ಮಾತ್ರ ಕೇಳ್ತದೆ, ಕಿಣಿಕಿಣಿ ಅನ್ನೋದು ಕೇಳಲ್ಲ" ಅಂದು ಭಾವ ಗಿಟಾರನ್ನು ಬೀರುವಿನ ಮೇಲೆ ಇಟ್ಟುಬಿಟ್ಟರು. ನೀವೇ ಸುತ್ತಬಹುದಲ್ಲ ಭಾವ ಅಂದರೆ, "ಪಿಕಪ್ ಒಳಗಿನ ತಂತಿ ಕೂದ್ಲಿಗಿಂತ ಸಣ್ಣ ಕಣಮ್ಮ, ನನ್ ಬೆರಳಿಗೆ ಸಿಕ್ಕಲ್ಲ" ಅಂದರು. ಕೊನೆಗೆ ಅಕ್ಕನೇ ನನಗೆ ಫೋನ್ ಮಾಡಿದಳು. "ಸಂಜೆ ಆದ್ರೆ ಮನೇಲಿ ಗಡಿಯಾರದ ಸದ್ದು ಕೇಳ್ತದೆ ಕಣೇ. ನಂಗೆ ತಡೆಯಕ್ಕಾಗಲ್ಲ. ಏನಾದ್ರೂ ಮಾಡಿ ಇದನ್ನ ಸರಿ ಮಾಡ್ಸು" ಅಂದಳು. ಗಿಟಾರ್ ನನ್ನ ಸೋಫಾಕ್ಕೆ ಬಂದದ್ದು ಹೀಗೆ.

ಮೂವತ್ತು ವರ್ಷ ವಿಜ್ಞಾನ ಹೇಳಿಕೊಟ್ಟವಳು ನಾನು. ಒಂದು ಕಾಂತ, ಅದರ ಸುತ್ತ ತಂತಿಯ ಸುರುಳಿ, ಎರಡರಲ್ಲಿ ಒಂದು ಅಲುಗಿದರೆ ಕರೆಂಟು. ಪಾಠ ಮುಗಿಯಿತು. ಗಿಟಾರಿನ ಪಿಕಪ್ಪೂ ಅಷ್ಟೇ. ಮೇಲೆ ಉಕ್ಕಿನ ತಂತಿ ನಡುಗಿದರೆ ಕೆಳಗಿನ ಸುರುಳಿ ಅದನ್ನು ಕೇಳಿಸಿಕೊಂಡು ಸ್ಪೀಕರಿಗೆ ಹೇಳುತ್ತದೆ. ಒಂದೇ ಸುರುಳಿ ಇದ್ದರೆ ಸಿಂಗಲ್ ಕಾಯಿಲ್. ದನಿ ಬಹಳ ಸ್ಪಷ್ಟ. ಆದರೆ ಮನೆಯ ಟ್ಯೂಬ್‌ಲೈಟು, ಫ್ರಿಜ್ಜು ಎಲ್ಲದರ ಗುಂಯ್‌ಗುಡುವಿಕೆಯನ್ನೂ ಸೇರಿಸಿ ಕೇಳಿಸಿಕೊಳ್ಳುತ್ತದೆ. ಒಳ್ಳೆಯ ಕಿವಿಯ ಕಷ್ಟವೇ ಅದಲ್ಲವೇ, ಬೇಡದ್ದೂ ಕೇಳಿಸುತ್ತದೆ! ಅದಕ್ಕೇ ಗಿಟಾರಿನ ಮೂರು ಪಿಕಪ್ಪಿನಲ್ಲಿ ಮಧ್ಯದ್ದರ ಕಾಂತ ತಿರುಗಿಸಿ, ತಂತಿಯನ್ನೂ ಉಲ್ಟಾ ಸುತ್ತಿರುತ್ತಾರೆ. ಪಕ್ಕದ್ದರ ಜೊತೆ ಅದೂ ಕೆಲಸ ಮಾಡಿದಾಗ ಒಂದರ ಗುಂಯ್ ಅನ್ನು ಇನ್ನೊಂದು ನುಂಗಿಹಾಕುತ್ತದೆ, ಸ್ವರ ಮಾತ್ರ ಉಳಿಯುತ್ತದೆ. ಭಾವ ನನಗೆ "ಮಧ್ಯದ್ದು ಉಲ್ಟಾ ಸುತ್ತಿರೋದೇ ತಗೋ" ಅಂದಿದ್ದರು. "ಸುತ್ತಿರೋದು" ಅನ್ನುವ ಒಂದು ಪದ ನಾನು ನುಂಗಿದೆ. ನಾಗರಾಜ ಗಾಡಿ ತಿರುಗಿಸಿ ನಿಲ್ಲಿಸಿದ.

ಮಾದೇಶ ಶಾಮಿಯಾನದ ಬಟ್ಟೆ ತರಲು ಹೇಗೂ ಮೈಸೂರಿಗೆ ಹೊರಟಿದ್ದ. "ಬನ್ನಿ ಮಿಸ್ಸಮ್ಮ, ನಾನೆಂಗೂ ಓಯ್ತಾ ಇವ್ನಿ" ಅಂದ. ಹೀಗೆ ಪಿಕಪ್ ತರಲು ಪಿಕಪ್ಪಿನಲ್ಲೇ ಹೋದೆ. ದಾರಿಯುದ್ದಕ್ಕೂ ಗಿಟಾರ್ ನನ್ನ ತೊಡೆಯ ಮೇಲಿತ್ತು. ಹಿಂದೆ ಹಾಕಿ ಅಂದರೆ ನಾನು ಕೇಳಲಿಲ್ಲ.

ಮೈಸೂರಿನ ಒಂದು ಗಲ್ಲಿಯಲ್ಲಿ ಅಫ್ಸರ್ ಅಂತ ಒಬ್ಬರಿದ್ದಾರೆ. ಹಾರ್ಮೋನಿಯಂ, ಕೀಬೋರ್ಡ್, ಗಿಟಾರ್ ಎಲ್ಲ ರಿಪೇರಿ ಮಾಡುತ್ತಾರೆ. ಕನ್ನಡಕವನ್ನು ಹಣೆಗೇರಿಸಿ, ಗಿಟಾರಿನ ಬಿಳಿ ಪ್ಲೇಟ್ ಬಿಚ್ಚಿ, ಮೂರು ಪಿಕಪ್ಪಿಗೂ ಮೀಟರ್ ಇಟ್ಟರು. ಇನ್ನೊಮ್ಮೆ ಇಟ್ಟರು. ಆಮೇಲೆ ಹಾಗೇ ಸ್ಪೀಕರಿಗೆ ಸಿಕ್ಕಿಸಿ ಸಣ್ಣ ತಂತಿ ಮೀಟಿದರು. ಗಂಟೆ ಹೊಡೆದಂತೆ ಕೇಳಿಸಿತು.

"ಇದಕ್ಕೆ ಏನೂ ಆಗಿಲ್ಲ ಮೇಡಂ. ಮೂರೂ ಸಖತ್ತಾಗಿವೆ."

"ಸಣ್ಣ ತಂತಿಗೆ ಜೀವ ಇಲ್ಲ ಅಂತಾರಲ್ಲ?"

"ಯಾರು?"

ಹೇಳಿದೆ. ವಯಸ್ಸು ಕೇಳಿದರು. ಕೆಲಸ ಏನು ಅಂದರು. ಮೋಟಾರ್ ಅಂಗಡಿ, ದಿನವೆಲ್ಲ ಮೋಟಾರ್ ಓಡಿಸಿ ನೋಡುವುದು ಅಂದೆ. ಅಫ್ಸರ್ ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿಕೊಂಡರು. "ಕಿವಿಯಲ್ಲಿ ಮೊದಲು ಹೋಗೋದು ಮೇಲಿನ ಸ್ವರಾನೇ ಮೇಡಂ. ಗುಂಯ್ ಅನ್ನೋದು ಕಡೇವರೆಗೂ ಉಳಿಯುತ್ತೆ" ಅಂದರು.

ಕೆಟ್ಟಿದ್ದು ಪಿಕಪ್ಪಲ್ಲ, ಭಾವನ ಕಿವಿ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತೇವಲ್ಲ, ನಗುತ್ತಾ? ನಾವೆಲ್ಲ ಮಾಡುವುದು ಅದನ್ನೇ ಅಲ್ಲವೇ? ಮೊದಮೊದಲು ನನಗೆ ಓದಲು ಆಗದಿದ್ದಾಗ ಪೇಪರಿನವರು ಅಕ್ಷರ ಸಣ್ಣ ಮಾಡಿದ್ದಾರೆ ಅಂತ ಸಂಪಾದಕರಿಗೆ ಪತ್ರ ಬರೆದವಳು ನಾನು. ಮಂಡಿ ನೋವು ಬಂದಾಗ ನಮ್ಮ ಮೆಟ್ಟಿಲು ಕಟ್ಟಿದ ಮೇಸ್ತ್ರಿಯನ್ನು ಬೈದೆ. ಆದರೆ ನೆಲ ಡೊಂಕು ಅಂದವಳು ಸುಳ್ಳು ಹೇಳುತ್ತಿದ್ದಳು ಅಂತ ಈಗ ಅನ್ನಿಸುವುದಿಲ್ಲ. ಅವಳಿಗೆ ಹೆದರಿಕೆ ಆಗಿರಬೇಕು.

ಅಂಗಡಿಯಿಂದಲೇ ಅಕ್ಕನಿಗೆ ಫೋನ್ ಮಾಡಿದೆ. "ಅಕ್ಕಯ್ಯ, ಗಿಟಾರಿಗೆ ಏನೂ ಆಗಿಲ್ಲವಂತೆ."

"ನಂಗೊತ್ತು ಕಣೇ" ಅಂದಳು.

"ಗೊತ್ತಾ! ಯಾವಾಗಿಂದ?"

"ಎರಡು ವರ್ಷ ಆಗಿರ್ಬೋದು. ಮೊದ್ಲು ಬಾಗ್ಲು ಬೆಲ್ಲು. ಆಮೇಲೆ ಮೊಬೈಲು. ಈಗ ಎಡಗಡೆಯಿಂದ ಏನ್ ಕೂಗಿದ್ರೂ ಇಲ್ಲ. ಬಲಗಿವಿ ವಾಸಿ."

ಆಗ ನೆನಪಾಯಿತು. ಅಕ್ಕ ಎಲ್ಲಿ ಹೋದರೂ ಭಾವನ ಬಲಕ್ಕೇ ನಡೆಯುತ್ತಾಳೆ. ಊಟಕ್ಕೆ ಬಲಕ್ಕೇ ಕೂರುತ್ತಾಳೆ. ಯಾರಾದರೂ ಏನಾದರೂ ಕೇಳಿ ಭಾವ ಸುಮ್ಮನಿದ್ದರೆ, "ಏನೋ ಯೋಚ್ನೇಲವ್ರೆ" ಅಂದು, ಭಾವನ ಕಡೆ ತಿರುಗಿ, "ಅವ್ರು ಕೇಳ್ತಿರೋದು ಗದ್ದೆ ವಿಷ್ಯ ಕಣ್ರೀ" ಅಂತ ತಾನೇ ದೊಡ್ಡ ದನಿಯಲ್ಲಿ ಇನ್ನೊಮ್ಮೆ ಹೇಳುತ್ತಾಳೆ. ನಾನು ಇವಳಿಗೆ ವಯಸ್ಸಾದ ಮೇಲೆ ಬಾಯಿ ಜಾಸ್ತಿಯಾಯಿತು ಅಂದುಕೊಂಡಿದ್ದೆ. ಎಂಥ ಮೂರ್ಖಳು ನಾನು!

"ಮತ್ತೆ ಅವರಿಗೆ ಹೇಳೋದಲ್ವೇನೇ?"

"ಏನಂತ ಹೇಳ್ಲಿ? ಮೋಟಾರ್ ಸದ್ದು ಕೇಳೇ ಬೇರಿಂಗ್ ಹೋಗದೆ ಅಂತ ಹೇಳೋ ಮನುಷ್ಯ. ನಿಮ್ ಕಿವಿ ಹೋಗದೆ ಅಂತ ನಾನ್ ಯಾವ ಬಾಯಲ್ಲಿ ಹೇಳ್ಲಿ? ಅವರಾಗೇ ಪಿಕಪ್ ಹೋಗದೆ ಅಂದ್ರು. ಹೌದು, ಹೋಗದೆ ಅಂದೆ. ನೀನೂ ಹಂಗೇ ಅನ್ನು. ಕಾಯಿಲ್ ಸುಟ್ಟೋಗಿತ್ತು ಅನ್ನು. ಹೊಸದು ಹಾಕ್ಸಿ ತಾ."

ನಾನು ಅಫ್ಸರ್ ಕಡೆ ತಿರುಗಿ, ಆದರೂ ಬದಲಾಯಿಸಬೇಕು ಅಂದೆ. ಅವರು ಯಾಕೆ ಅಂತ ಕೇಳಲಿಲ್ಲ. ಮೂರು ಬಗೆಯ ಪಿಕಪ್ ತಂದು ಟೇಬಲ್ ಮೇಲೆ ಇಟ್ಟರು. ಒಂದು ಹಳೆಯ ಕಾಲದ್ದರ ಹಾಗೆ ಕಡಿಮೆ ಸುತ್ತಿನದು, ದನಿ ಕಿಣಿಕಿಣಿ, ತುಂಬ ಸ್ಪಷ್ಟ. ಎರಡನೆಯದು ಗುಂಯ್ ಅನ್ನದೇ ಇರುವಂಥದ್ದು, ಈಗಿನವರೆಲ್ಲ ಅದನ್ನೇ ಕೇಳುತ್ತಾರಂತೆ. ಮೂರನೆಯದರಲ್ಲಿ ಸುತ್ತು ಜಾಸ್ತಿ. ಜೋರು ಜಾಸ್ತಿ, ದನಿ ದಪ್ಪ, ಮೇಲಿನ ಹೊಳಪು ಕಡಿಮೆ. ಒಂದೊಂದನ್ನೂ ಒಂದೊಂದು ಗಿಟಾರಿನಲ್ಲಿ ನುಡಿಸಿ ತೋರಿಸಿದರು. ನನಗೆ ಮೊದಲನೆಯದೇ ಹಿಡಿಸಿತು. ಯಾರಿಗೆ ಹಿಡಿಸುವುದಿಲ್ಲ?

"ಮೊದಲನೇದೇ ಕೊಡಿ" ಅಂದೆ.

ಅಫ್ಸರ್ ತಲೆ ಕೆರೆದುಕೊಂಡರು. "ಯಾರ ಕಿವಿಗೆ ಮೇಡಂ? ಕೇಳೋರಿಗೋ, ನುಡಿಸೋರಿಗೋ?"

ಸೀರೆ ತರಲು ಹೋದಾಗ, ಔಷಧಿಗೆ ಹೋದಾಗ, ಮಗಳಿಗೆ ಗಂಡು ನೋಡಿದಾಗ, ಯಾರಾದರೂ ನನ್ನನ್ನು ಈ ಪ್ರಶ್ನೆ ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ಒಳ್ಳೆಯದು ಅಂದರೆ ಯಾರಿಗೆ ಒಳ್ಳೆಯದು? ಕೊಡುವ ನಾವು ನಮ್ಮ ಕಿವಿಯಿಂದಲೇ ಕೇಳಿ ತರುತ್ತೇವೆ.

ಭಾವನ ಕಿವಿಗೆ ಮುಟ್ಟುವುದು ಜೋರಾದ ದಪ್ಪ ದನಿಯೇ ಅಂತ ಮೂರನೆಯದನ್ನು ಹಾಕಿಸಿದೆ. ಮಧ್ಯದ್ದು ಉಲ್ಟಾ ಸುತ್ತಿದ್ದೇ. ಅಫ್ಸರ್ ಬೆಸುಗೆ ಹಾಕಿ, ಸಣ್ಣ ತಂತಿಗಳ ಕಡೆಯ ಸ್ಕ್ರೂಗಳನ್ನು ಸ್ವಲ್ಪ ತಿರುಗಿಸಿ, ಪಿಕಪ್ಪನ್ನು ತಂತಿಗೆ ಹತ್ತಿರ ಎತ್ತಿದರು. "ಹತ್ತಿರ ಹೋದರೆ ಚೆನ್ನಾಗಿ ಕೇಳಿಸುತ್ತೆ" ಅಂದರು. ಹಳೆಯ ಮೂರನ್ನು ಪೇಪರಿನಲ್ಲಿ ಸುತ್ತಿಕೊಟ್ಟು, ಎಸೆಯಬೇಡಿ ಅಂದರು.

ಭಾನುವಾರ ಗಿಟಾರ್ ಹೊತ್ತುಕೊಂಡು ನರಸೀಪುರಕ್ಕೆ ಹೋದೆ. ಭಾವ ಜಗಲಿಯಲ್ಲೇ ಕಾಯುತ್ತಿದ್ದರು. ಕ್ಷೌರ ಮಾಡಿಸಿಕೊಂಡಿದ್ದರು. ಸ್ಪೀಕರ್ ಡಬ್ಬವನ್ನು ಒರೆಸಿ ಇಟ್ಟಿದ್ದರು.

"ಏನಾಗಿತ್ತಂತೆ ಮೇಡಮ್ಮೋರೆ?"

"ಕಾಯಿಲ್ ಸುಟ್ಟೋಗಿತ್ತಂತೆ ಭಾವ. ಮೂರೂನೂ." ಮಕ್ಕಳ ಸುಳ್ಳನ್ನು ಮೂವತ್ತು ವರ್ಷ ಹಿಡಿದವಳು ನಾನು. ಹೇಳುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ.

"ಹಳೇವು ತಂದ್ಯಾ?"

ಪೇಪರಿನ ಪೊಟ್ಟಣ ಕೊಟ್ಟೆ. ಭಾವ ಒಂದು ಪಿಕಪ್ಪನ್ನು ತೆಗೆದು ಮೂಗಿನ ಹತ್ತಿರ ಹಿಡಿದರು. ವಾಸನೆ ನೋಡಿದರು. ಎರಡನೆಯದನ್ನೂ ನೋಡಿದರು. ಅಕ್ಕ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದಳು. ಭಾವ ಅವಳ ಮುಖ ನೋಡಿದರು.

"ಹೂಂ. ಸುಟ್ಟೋಗದೆ" ಅಂದರು.

ನುಡಿಸಿದರು. ನನ್ನ ಕಿವಿಗೆ ಅದು ಕಂಬಳಿ ಹೊದ್ದುಕೊಂಡು ಮಾತಾಡಿದ ಹಾಗಿತ್ತು. ಆದರೆ ನಾನು ಕೇಳುತ್ತಿರಲಿಲ್ಲ, ಅವರ ಮುಖ ನೋಡುತ್ತಿದ್ದೆ. ಸಣ್ಣ ತಂತಿ ಮೀಟಿ ನಿಂತರು. ಇನ್ನೊಮ್ಮೆ ಮೀಟಿದರು. ಬಲಗಿವಿಯನ್ನು ಸ್ವಲ್ಪ ಬಗ್ಗಿಸಿದರು. ಹುಬ್ಬು ಮೇಲೆ ಹೋಯಿತು. "ಬಂತು ಕಣೇ!" ಅಂದರು ಅಕ್ಕನಿಗೆ. ಆಮೇಲೆ ನಿಲ್ಲಿಸಲೇ ಇಲ್ಲ. ಅಕ್ಕ ಮೊರದಲ್ಲಿ ಸೊಪ್ಪು ತಂದು ಬಲಗಡೆ ಕೂತಳು. ಕೊನೆಗೆ ಅವಳ ಹಾಡು ಬಂತು. ಒಂದೆರಡು ಕಡೆ ಸ್ವರ ತಪ್ಪಿತು. ಅವಳು ಸೊಪ್ಪಿನ ಜೊತೆ ದಂಟನ್ನೂ ಮುರಿದು ಪಾತ್ರೆಗೆ ಹಾಕುತ್ತಿದ್ದಳು. ಕಣ್ಣು ತುಂಬಿ ಕಾಣುತ್ತಿರಲಿಲ್ಲ ಅನ್ನಿಸುತ್ತದೆ.

ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಡಲು ಭಾವ ಬಂದರು. ನಾನು ಅವರ ಎಡಕ್ಕೆ ನಡೆಯುತ್ತಿದ್ದೆ. ಹತ್ತು ಹೆಜ್ಜೆ ಆದಮೇಲೆ ಅವರೇ ನನ್ನ ಹಿಂದಿನಿಂದ ಸುತ್ತಿ ಬಂದು, ನಾನು ಅವರ ಬಲಕ್ಕೆ ಆಗುವ ಹಾಗೆ ನಡೆದರು.

"ಸುಟ್ಟ ಕಾಯಿಲ್ ವಾಸ್ನೆ ಹೆಂಗಿರ್ತದೆ ಗೊತ್ತಾ ಮೇಡಮ್ಮೋರೆ?"

ನಾನು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡೆ.

"ಮೂಗಿಗೆ ಹತ್ತಿದ್ರೆ ಮೂರು ದಿನ ಊಟ ಸೇರಲ್ಲ. ಅಂಥದ್ರಲ್ಲೇ ನಲ್ವತ್ತು ವರ್ಷ ಬದುಕ್ದೋನು ನಾನು. ನೀನ್ ತಂದ್ಕೊಟ್ಟಿದ್ದು ಬರೀ ಕಾಯಿಲ್‌ಗೆ ಬಳಿಯೋ ಮೇಣದ ವಾಸ್ನೆ."

"ಮತ್ತೆ ಸುಟ್ಟೋಗದೆ ಅಂದ್ರಲ್ಲ ಭಾವ?"

"ನಿಮ್ಮಕ್ಕ ಎದುರ್ಗೇ ನಿಂತಿದ್ಲಲ್ಲಮ್ಮ. ಎರಡು ವರ್ಷದಿಂದ ನನ್ ಬಲಗಡೆ ಬಿಟ್ಟು ಆಚೆ ಈಚೆ ಹೋಗಿಲ್ಲ ಅವ್ಳು. ನಂಗೆ ತಿಳೀದು ಅಂದ್ಕೊಂಡವ್ಳೆ. ಅಷ್ಟು ಕಷ್ಟ ಬಿದ್ದು ಮುಚ್ಚಿಟ್ಟಿರೋದ್ನ ನಾನ್ಯಾಕೆ ಬಿಚ್ಲಿ?" ಸ್ವಲ್ಪ ದೂರ ನಡೆದರು. "ನಿನ್ ಕೈಗೆ ಕಳ್ಸೋಕ್ ಮುಂಚೇನೇ ಮೀಟರ್ ಇಟ್ಟು ನೋಡಿದ್ದೆ. ಮೂರೂ ಸರ್ಯಾಗಿತ್ತು."

"ಮತ್ಯಾಕೆ ಕಳ್ಸಿದ್ರಿ?"

"ನನ್ ಮೀಟ್ರೇ ಸುಳ್ಳೇಳ್ತಿರ್ಬೋದು ಅಂತ ಒಂದಾಸೆ ಕಣಮ್ಮ" ಅಂದರು.

ನಡುರಸ್ತೆಯಲ್ಲಿ ನನಗೆ ಅಳು ಬಂತು. ಮುಚ್ಚಿಡಲು ಹೋಗಲಿಲ್ಲ. ಭಾವ ನನ್ನ ಕೈಯಿಂದ ಬ್ಯಾಗ್ ತೆಗೆದುಕೊಂಡರು. "ಥೂ, ಹುಚ್ಚಿ. ಪಾಠ ಹೇಳ್ದೋರು ಅಳ್ತಾರಾ? ಮುಂದಿನ್ ವಾರ ಮೈಸೂರಲ್ಲಿ ಕಿವಿ ಡಾಕ್ಟ್ರ ಹತ್ರ ಕರ್ಕೊಂಡೋಗು. ಮೆಷಿನ್ ಹಾಕ್ಕೊ ಅಂದ್ರೆ ಹಾಕ್ಕೊತೀನಿ. ನಿಮ್ಮಕ್ಕಂಗೆ ಮಾತ್ರ ಈಗ್ಲೇ ಹೇಳ್ಬೇಡ."

"ಏನಂತ ಹೇಳಿ ಕರ್ಕೊಂಡು ಹೋಗ್ಲಿ?"

ಭಾವ ಯೋಚಿಸಿದರು. "ಇನ್ನೆರಡು ಪಿಕಪ್ ಹಾಕಿಸ್ಬೇಕಂತೆ ಅನ್ನು."

(ಈ ಸಲ ನಾಗರಾಜನಿಗೆ ಫೋನ್ ಮಾಡುವುದಿಲ್ಲ.)

ಮಾರನೆಯ ದಿನ ಬೆಳಗ್ಗೆ ಅಕ್ಕನಿಗೆ ಹಾಗೇ ಹೇಳಿದೆ. ಇನ್ನೆರಡು ಪಿಕಪ್ ಹಾಕಿಸಬೇಕಂತೆ ಅಕ್ಕಯ್ಯ, ಭಾವನೂ ಬರಬೇಕಂತೆ, ಮುಂದಿನ ವಾರ ಮೈಸೂರಿಗೆ ಕಳಿಸು ಅಂದೆ.

"ಎರಡಾ? ಗಿಟಾರಿಗೆ ಮೂರಲ್ವೇನೇ ಇರೋದು?"

"ಇದು ಎರಡೇ" ಅಂದೆ.

ಆ ಕಡೆ ಕುಕ್ಕರ್ ಕೂಗಿತು. ಅಕ್ಕ ಹೋಗಿ ಒಲೆ ಆರಿಸಿ ಬಂದಳು. ಆಮೇಲೆ ಮೆಲ್ಲಗೆ, "ಹಂಗಾರೆ ಒಳ್ಳೇದ್ ನೋಡಿ ತಗೊಳ್ಳಿ. ಕಿವಿಗೆ ಒತ್ತದಂಗೆ ಇರ್ಲಿ" ಅಂದಳು.

ಹೇಳದೇ ಇರುವುದನ್ನೂ ಇಷ್ಟು ಚೆನ್ನಾಗಿ ಕೇಳಿಸಿಕೊಳ್ಳುವ ಆ ಮನೆಗೆ, ನೀವೇ ಹೇಳಿ, ನಾನು ಇನ್ಯಾವ ಪಿಕಪ್ ತಂದುಕೊಡಲಿ?